‘ಬುದ್ಧಿಜೀವಿಗಳ ಮೌನ’ ಲೇಖನದ ಲೇಖಕರಿಗೆ

ನಮಸ್ಕಾರ.

ನಿಮ್ಮ ‘ಬುದ್ಧಿಜೀವಿಗಳ ಮೌನ’ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗುವುದಿಲ್ಲ. ಹಿಂದೆ ಚಿಂತಕರು ಸರ್ಕಾರಕ್ಕೆ ದಾರಿ ತೋರುತ್ತಿದ್ದರು, ಈಗ ಬಾಯಿ ಮುಚ್ಚಿಕೊಂಡಿದ್ದಾರೆ ಎಂಬ ಒಂದೇ ಮಾತನ್ನು ಆರು ಪುಟ ಎಳೆದಿದ್ದೀರಿ. ಯಾರೊಬ್ಬರ ಕೆಲಸವೂ ಒಂದು ಸರ್ಕಾರಿ ಆದೇಶದವರೆಗೆ ಹೋಗಿ ಮುಟ್ಟಿದ್ದು ಅದರಲ್ಲಿ ಕಾಣುವುದಿಲ್ಲ.

ನಾಲ್ಕನೇ ಪುಟದಲ್ಲಿ ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರ ಹೆಸರು ಅರ್ಧ ಸಾಲಿನಲ್ಲಿ ಬಂದುಹೋಗಿದೆ. ನಿಮ್ಮ ಲೇಖನ ಇರುವುದೇ ಅಲ್ಲಿ. ಪ್ರಾದೇಶಿಕ ಅಸಮತೋಲನ ಕುರಿತ ಅವರ ಸಮಿತಿ 2002ರಲ್ಲಿ ವರದಿ ಕೊಡುವ ಹೊತ್ತಿಗೆ, ಉತ್ತರ ಕರ್ನಾಟಕಕ್ಕೆ ಅನ್ಯಾಯವಾಗಿದೆ ಎಂಬ ಕೂಗು ಹಳೆಯದಾಗಿತ್ತು. ಸಮಿತಿ ತಾಲ್ಲೂಕನ್ನೇ ಅಳತೆಯ ಘಟಕ ಮಾಡಿಕೊಂಡು, 35 ಸೂಚಕಗಳಿಂದ ಒಂದು ಸೂಚ್ಯಂಕ ಕಟ್ಟಿತು. ರಾಜ್ಯದ ಸರಾಸರಿ 1 ಎಂದಿಟ್ಟು, ಅದಕ್ಕಿಂತ ಕೆಳಗಿದ್ದವನ್ನು ಹಿಂದುಳಿದವು ಎಂದಿತು. 175ರಲ್ಲಿ 114 ತಾಲ್ಲೂಕುಗಳು ಹಾಗೆ ಬಂದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ ಬೆಂಗಳೂರು ವಿಭಾಗದವೂ ಇದ್ದವು. ಕೂಗನ್ನು ತಳ್ಳಿಹಾಕಬಹುದು, ತಾಲ್ಲೂಕುವಾರು ಪಟ್ಟಿಯನ್ನು ತಳ್ಳಿಹಾಕುವುದು ಕಷ್ಟ. ಹಿಂದುಳಿದ ತಾಲ್ಲೂಕುಗಳಿಗಾಗಿ 2007-08ರಲ್ಲಿ ಶುರುವಾದ ವಿಶೇಷ ಅಭಿವೃದ್ಧಿ ಯೋಜನೆಗೆ ಇದೇ ಪಟ್ಟಿ ಆಧಾರ.

ವರದಿಗೂ ಯೋಜನೆಗೂ ನಡುವೆ ಐದು ವರ್ಷ. ಅಷ್ಟು ಕಾಲ ಆ ವರದಿ ಕಪಾಟು ಸೇರದಂತೆ ನೋಡಿಕೊಂಡವರು ಯಾರು? ಆ ವರ್ಷಗಳ ಸದನದ ಕಲಾಪ, ಬಜೆಟ್ ಭಾಷಣಗಳನ್ನು ತೆಗೆದು ನೋಡಿ. ಆಮೇಲೆ ಒಂದೇ ಒಂದು ತಾಲ್ಲೂಕು ಹಿಡಿದು ಹಂಚಿಕೆ, ಬಿಡುಗಡೆ, ಖರ್ಚು ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ. ಹೊಸದಾಗಿ ಬರೆಯುವವರು ಎಡವುವುದು ಇಲ್ಲೇ: ಹಂಚಿಕೆಯ ಅಂಕಿಯನ್ನೇ ಖರ್ಚು ಅಂದುಕೊಳ್ಳುತ್ತಾರೆ. ಇಲಾಖೆಗೆ ಎಂದಿನಂತೆ ಬರುವ ಹಣಕ್ಕೇ ಹೊಸ ಹೆಸರು ಹಚ್ಚಿದ್ದಾರೆಯೇ ಎಂಬುದು ಹಿಂದಿನ ವರ್ಷದ ಬಜೆಟ್‌ನಲ್ಲಿ ಅದೇ ಲೆಕ್ಕ ಶೀರ್ಷಿಕೆ (ಖರ್ಚಿನ ಬಾಬ್ತು) ನೋಡಿದರೆ ಗೊತ್ತಾಗುತ್ತದೆ.

ಇನ್ನು ‘ಮೌನ’. ಈ ಮಾತನ್ನು ನಾನು ಒಪ್ಪುವುದಿಲ್ಲ. ಕೆಲಸದ ಜಾಗ ಬದಲಾಗಿದೆ, ಅಷ್ಟೇ. 1994ರಿಂದ ರಾಜಸ್ಥಾನದ ಹಳ್ಳಿಗಳಲ್ಲಿ ಕೂಲಿಕಾರರ, ರೈತರ ಸಂಘಟನೆಯಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ನಡೆಸಿದ ಜನಸುನವಾಯಿಗಳಲ್ಲಿ, ಅಂದರೆ ಸಾರ್ವಜನಿಕ ವಿಚಾರಣಾ ಸಭೆಗಳಲ್ಲಿ, ಕಾಮಗಾರಿಯ ಮಸ್ಟರ್ ರೋಲ್‌ಗಳನ್ನು (ಕೂಲಿಯವರ ಹಾಜರಿ ಪಟ್ಟಿಗಳನ್ನು) ಊರವರ ಮುಂದೆ ಗಟ್ಟಿಯಾಗಿ ಓದಲಾಯಿತು. ಕೂಲಿ ಪಡೆದಿದ್ದಾರೆ ಎಂದು ಹೆಸರಿದ್ದವರೇ ಎದ್ದುನಿಂತು ಇಲ್ಲ ಎಂದರು. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಆ ಹೋರಾಟದಲ್ಲಿದೆ. ಅಲ್ಲಿ ಓದುಬರಹ ಬಲ್ಲವರು ಮಾಡಿದ್ದು ದಾಖಲೆಯನ್ನು ಅದು ಯಾರಿಗೆ ಸೇರಿದ್ದೋ ಅವರಿಗೆ ಓದಿ ಹೇಳುವ ಕೆಲಸ. ಸಮಿತಿಯ ಕುರ್ಚಿಯನ್ನೂ ಈ ಸಭೆಯನ್ನೂ ಅಕ್ಕಪಕ್ಕ ಇಟ್ಟರೆ ನೀವು ಹೇಳಹೊರಟ ಬದಲಾವಣೆ ತಾನಾಗಿ ಕಾಣುತ್ತದೆ.

ಮೊದಲ ಎರಡು ಪುಟ ಕಿತ್ತುಹಾಕಿ. ‘ವ್ಯವಸ್ಥೆ’ ಎಂದಿರುವ ಕಡೆಯೆಲ್ಲ ಆಯಾ ಇಲಾಖೆಯ ಹೆಸರು ಬರೆಯಿರಿ. 1,200 ಪದಗಳೊಳಗೆ ಮತ್ತೆ ಕಳಿಸಿ, ಖಂಡಿತ ಓದುತ್ತೇನೆ.

— ಸಂಪಾದಕ