ನ್ಯೂಯಾರ್ಕ್‌ನಲ್ಲಿ ಜನರು ಓಟು ಹಾಕಿ ಆರಿಸಿದ ಮೊದಲ ಅಟಾರ್ನಿ ಜನರಲ್

ಅಮೆರಿಕದ ಅಧ್ಯಕ್ಷರಾಗಿದ್ದ ಮಾರ್ಟಿನ್ ವ್ಯಾನ್ ಬ್ಯೂರನ್ ಅವರ ಮಗ ಜಾನ್, ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ (ಅಂದರೆ ಸರ್ಕಾರದ ಮುಖ್ಯ ವಕೀಲ) ಆಗಿದ್ದು ಜನರ ಓಟಿನಿಂದಲೇ? ಅಲ್ಲ. 1845ರಲ್ಲಿ ಅವರನ್ನು ಆರಿಸಿದ್ದು ರಾಜ್ಯದ ಶಾಸಕರು. ಈ ಹುದ್ದೆಗೂ ಜನರೇ ಓಟು ಹಾಕಬೇಕು ಎಂದು ಬಂದದ್ದು 1846ರ ಹೊಸ ಸಂವಿಧಾನದಲ್ಲಿ. ಮೊದಲ ಚುನಾವಣೆ ನಡೆದದ್ದು 1847ರ ನವೆಂಬರ್‌ನಲ್ಲಿ. ಗೆದ್ದವರು ವಿಗ್ ಪಕ್ಷದ ಆಂಬ್ರೋಸ್ ಜೋರ್ಡನ್. ವಿಗ್‌ಗಳ ಎದುರಾಳಿ ಪಕ್ಷದ ಡೆಮಾಕ್ರಾಟರು ಆಗ ತಮ್ಮತಮ್ಮಲ್ಲೇ ಕಿತ್ತಾಡಿ ಎರಡು ಬಣವಾಗಿದ್ದರು, ವಿಗ್‌ಗಳಿಗೆ ದಾರಿ ಸಲೀಸಾಯಿತು.

ಮಜಾ ಇರುವುದು ಇದಕ್ಕೆ ಮುಂಚಿನ ಕಥೆಯಲ್ಲಿ. ಹಡ್ಸನ್ ನದಿಯ ಸೀಮೆಯಲ್ಲಿ ದೊಡ್ಡ ಜಮೀನ್ದಾರರಿಗೆ ಗೇಣಿ ಕೊಡುವುದಿಲ್ಲ ಎಂದು ರೈತರು ತಿರುಗಿ ಬಿದ್ದಿದ್ದರು. ಅವರ ಮುಖಂಡ ಡಾಕ್ಟರ್ ಬೌಟನ್ ಮೇಲೆ 1845ರಲ್ಲಿ ಕೇಸು ನಡೆಯಿತು. ಸರ್ಕಾರದ ಪರ ಜಾನ್, ಬೌಟನ್ ಪರ ಇದೇ ಜೋರ್ಡನ್! ಮಾತಿಗೆ ಮಾತು ಬೆಳೆದು ಇಬ್ಬರೂ ತುಂಬಿದ ಕೋರ್ಟಿನಲ್ಲೇ ಕೈಕೈ ಮಿಲಾಯಿಸಿದರು. ನ್ಯಾಯಾಧೀಶ ಎಡ್ಮಂಡ್ಸ್ ಸುಮ್ನೆ ಬಿಡಲಿಲ್ಲ, ಇಬ್ಬರನ್ನೂ 24 ಗಂಟೆ ಜೈಲಿಗೆ ತಳ್ಳಿದರು. ಬೌಟನ್‌ಗೆ ಜೀವಾವಧಿ ಶಿಕ್ಷೆಯಾದರೂ 1847ರಲ್ಲಿ ಗವರ್ನರ್ ಜಾನ್ ಯಂಗ್ ಕ್ಷಮೆ ಕೊಟ್ಟು ಬಿಟ್ಟರು.

ಅದೇ ವರ್ಷ ಜನ ಜೋರ್ಡನ್‌ರನ್ನು ಆರಿಸಿದರು. ಜಾನ್ ಕೂತಿದ್ದ ಕುರ್ಚಿಗೇ ಬಂದರು, ಅಲ್ವಾ!