ಅಪ್ಪನ ಎಕ್ಸೆಲ್ ಶೀಟಿನಲ್ಲಿ ಇಲ್ಲದ ಒಂದು 'ಸಿ'

ಕಾಲೇಜು ಅಡ್ಮಿಷನ್ನಿಗೆ ತಯಾರಾಗುವ ಮಕ್ಕಳಿಗೆ ಸಲಹೆ ಕೊಡುವ ನನ್ನ ಬಳಿ ಬಂದ ಒಂದು ಕುಟುಂಬದ ಕಥೆ ಇದು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಹುಡುಗಿಯನ್ನು ಅನು ಅಂತ ಕರೆಯೋಣ. ಅಮೆರಿಕದಲ್ಲೇ ಹುಟ್ಟಿ ಬೆಳೆದವಳು, ಹತ್ತನೇ ಗ್ರೇಡ್. ಮುಂದಿನ ವರ್ಷದ ಕೋರ್ಸ್ ಆರಿಸಲು ಹತ್ತು ದಿನ ಉಳಿದಿತ್ತು.

ಅಪ್ಪ ಎಕ್ಸೆಲ್ ಶೀಟ್ ತಂದಿದ್ದರು, ಮೂರು ಬಣ್ಣದ್ದು. ಹಸಿರು ಅಂದರೆ ಐಬಿ ಡಿಪ್ಲೊಮಾ, ಹೈಸ್ಕೂಲಿನ ಕೊನೆಯ ಎರಡು ವರ್ಷದ ಅಂತರರಾಷ್ಟ್ರೀಯ ಕೋರ್ಸ್, ಅದಕ್ಕೆ ಬೇರೆ ಶಾಲೆ ಸೇರಬೇಕು, ಬಸ್ಸಿನಲ್ಲಿ 50 ನಿಮಿಷ. ಹಳದಿ ಎಪಿ, ಅಂದರೆ ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ವಿಷಯಗಳು, ಈಗಿನ ಶಾಲೆಯಲ್ಲೇ ಇದೆ. ನೀಲಿ ಡ್ಯುಯಲ್ ಎನ್‌ರೋಲ್‌ಮೆಂಟ್, ಅಂದರೆ ಹೈಸ್ಕೂಲಲ್ಲಿ ಇರುವಾಗಲೇ ಕಮ್ಯುನಿಟಿ ಕಾಲೇಜಿನ (ಊರಿನ ಎರಡು ವರ್ಷದ ಸರ್ಕಾರಿ ಕಾಲೇಜು) ಕ್ಲಾಸ್ ತಗೊಳ್ಳುವುದು. "ಮೇಡಂ, ಅಡ್ಮಿಷನ್ನಿಗೆ ಯಾವುದು ಜಾಸ್ತಿ ತೂಕ?" ಅಂದರು. ಅನು ಮಾತಾಡಲಿಲ್ಲ. ಪೆನ್ನಿನ ಕ್ಯಾಪ್ ತೆಗೆಯುತ್ತಾ ಹಾಕುತ್ತಾ ಕೂತಿದ್ದಳು.

ನನ್ನ ಉತ್ತರ ಕೇಳಿ ಎಷ್ಟೋ ಅಪ್ಪಂದಿರಿಗೆ ಬೇಜಾರಾಗುತ್ತದೆ. ಕಾಲೇಜಿನವರು ತಕ್ಕಡಿ ಹಿಡಿದು ಕೂತಿಲ್ಲ. ನಿಮ್ಮ ಶಾಲೆಯಲ್ಲಿ ಏನು ಸಿಗುತ್ತಿತ್ತು, ಅದರಲ್ಲಿ ಮಗು ಏನು ತಗೊಂಡಿತು, ಎಂಥ ಗ್ರೇಡ್ ಬಂತು, ಮೊದಲು ನೋಡುವುದು ಇದನ್ನೇ. ಶಾಲೆಯ ಕೌನ್ಸೆಲರ್ ಕಳಿಸುವ ವರದಿಯಲ್ಲೂ ಪ್ರಶ್ನೆ ಇದೇ: ಇಲ್ಲಿನ ಮಿಕ್ಕ ಮಕ್ಕಳಿಗೆ ಹೋಲಿಸಿದರೆ ಈಕೆಯ ಕೋರ್ಸ್ ಎಷ್ಟು ಕಷ್ಟದ್ದು?

ಮೂರಕ್ಕೂ ಪಡಬೇಕಾದ ಶ್ರಮ ಮಾತ್ರ ಬೇರೆ ಬೇರೆ. ಎಪಿಯಲ್ಲಿ ಬೇಕಾದ ವಿಷಯ ಮಾತ್ರ ಆರಿಸಬಹುದು, ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ. ಕೆಲವು ಕಾಲೇಜು 3ಕ್ಕೇ ಕ್ರೆಡಿಟ್ ಕೊಡುತ್ತವೆ, ಅಂದರೆ ಆ ವಿಷಯವನ್ನು ಕಾಲೇಜಿನಲ್ಲೇ ಓದಿದಂತೆ ಲೆಕ್ಕಕ್ಕೆ ಹಿಡಿಯುತ್ತವೆ, ಕೆಲವು 5 ಕೇಳುತ್ತವೆ, ಕ್ಯಾಲ್‌ಟೆಕ್ ಕೊಡುವುದೇ ಇಲ್ಲ. ಐಬಿ ಡಿಪ್ಲೊಮಾದಲ್ಲಿ ಹಾಗೆ ಬಿಡಿಬಿಡಿಯಾಗಿ ಆರಿಸುವಂತಿಲ್ಲ. ಆರು ವಿಷಯ, ಅದರಲ್ಲಿ ಕನಿಷ್ಠ ಮೂರು ಹೈಯರ್ ಲೆವೆಲ್, ಜೊತೆಗೆ ಥಿಯರಿ ಆಫ್ ನಾಲೆಡ್ಜ್ (ತಿಳಿವು ಅಂದರೇನು ಅಂತ ಚರ್ಚಿಸುವ ಕ್ಲಾಸ್), ಸೃಜನಶೀಲ ಕೆಲಸ, ದೈಹಿಕ ಚಟುವಟಿಕೆ, ಸಮಾಜಸೇವೆ, 4,000 ಪದದವರೆಗಿನ ಪ್ರಬಂಧ. ಒಟ್ಟು 45 ಅಂಕಕ್ಕೆ ಕನಿಷ್ಠ 24 ಬೇಕು. ಕೊನೆಯ ಪರೀಕ್ಷೆ ಹನ್ನೆರಡನೇ ಗ್ರೇಡಿನ ಮೇನಲ್ಲಿ, ಅಷ್ಟರಲ್ಲಿ ಕಾಲೇಜಿನ ತೀರ್ಮಾನ ಆಗಿಹೋಗಿರುತ್ತದೆ.

ಅಪ್ಪ-ಅಮ್ಮ ಇಬ್ಬರನ್ನೂ ಹೊರಗೆ ಕೂರಿಸಿ, ಕಳೆದ ಮಂಗಳವಾರ ಗಂಟೆಗಂಟೆಗೆ ಏನು ಮಾಡಿದೆ ಬರಿ ಅಂತ ಅನುಗೆ ಹೇಳಿದೆ. ಮಲಗಿದ್ದು 12:15ಕ್ಕೆ. ಅದೂ ಎರಡು ಪುಟದ ಇಂಗ್ಲಿಷ್ ಪ್ರಬಂಧದ ಮೂರನೇ ರಾತ್ರಿ. ಗಣಿತದ ಹೋಮ್‌ವರ್ಕ್ 25 ನಿಮಿಷದಲ್ಲಿ ಮುಗಿದಿತ್ತು, ಅದನ್ನು ಬರೆಯುವಾಗ ಮಾತ್ರ ಮುಖ ಸ್ವಲ್ಪ ಅರಳಿತು. ಆಮೇಲೆ ಹಾಳೆ ಮಡಚಿ, "ಆಂಟಿ, ನನಗೊಂದು ಸಿ ಗ್ರೇಡ್ ಬಂದಿದೆ" ಅಂದಳು.

ಹಿಂದಿನ ಬೇಸಿಗೆಯಲ್ಲಿ, ಸುಮ್ನೆ ಮನೇಲಿ ಇರ್ತೀಯಲ್ಲ ಅಂತ ಅಪ್ಪ ಆನ್‌ಲೈನ್ ಸೈಕಾಲಜಿ ಕ್ಲಾಸಿಗೆ ಸೇರಿಸಿದ್ದರು. ಕಮ್ಯುನಿಟಿ ಕಾಲೇಜಿನದು. ಅದು ಶೀಟಿನಲ್ಲಿ ಇರಲಿಲ್ಲ. ಅವಳು ಒಪ್ಪಿದ ಮೇಲೆ ಅಪ್ಪನನ್ನು ಕರೆದು ಕೇಳಿದೆ. "ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟಿನಲ್ಲಿ (ಗ್ರೇಡ್‌ಗಳ ಪಟ್ಟಿ) ಇಲ್ಲ ಅಲ್ವಾ, ಬಿಡಿ ಮೇಡಂ" ಅಂದರು.

ಬಿಡುವಂತಿಲ್ಲ ಸರ್. ಅದು ನಿಜವಾದ ಕಾಲೇಜು ಗ್ರೇಡ್, ಆ ಕಾಲೇಜಿನ ದಾಖಲೆಯಲ್ಲಿ ಹಾಗೇ ಉಳಿಯುತ್ತದೆ, ಅರ್ಜಿ ಹಾಕುವಾಗ ಓದಿದ ಕಾಲೇಜು ಕ್ಲಾಸುಗಳನ್ನು ಕೇಳುತ್ತಾರೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ಆ 'ಸಿ'ಗಿಂತ ಕಷ್ಟ. ಎಪಿ ಪರೀಕ್ಷೆಯಲ್ಲಿ ಕಡಿಮೆ ಬಂದರೆ ಬಹುತೇಕ ಕಡೆ ಹೇಳದೇ ಇರಬಹುದು. ಇಲ್ಲಿ ಆ ಆಯ್ಕೆ ಇಲ್ಲ. ನೀಲಿ ಬಣ್ಣ ಸುಲಭದ ದಾರಿ ಅಂತ ತಿಳಿದವರು ಗಮನಿಸದೇ ಬಿಡುವುದು ಇದನ್ನೇ. ಕ್ರೆಡಿಟ್ಟೂ ಅಷ್ಟೇ, ಅದೇ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಸಾಮಾನ್ಯವಾಗಿ ನಡೆಯುತ್ತದೆ, ಖಾಸಗಿಯಲ್ಲಿ ಎಷ್ಟೋ ಕಡೆ ಇಲ್ಲ.

ನಾನು ಕೊಟ್ಟ ಸಲಹೆ: ಶಾಲೆ ಬದಲಿಸಬೇಡಿ. ಹನ್ನೊಂದರಲ್ಲಿ ಎಪಿಯ ಕ್ಯಾಲ್ಕುಲಸ್ 'ಬಿ.ಸಿ.' (ಎರಡು ಕ್ಯಾಲ್ಕುಲಸ್ ಕೋರ್ಸ್‌ಗಳಲ್ಲಿ ದೊಡ್ಡದು), ಫಿಸಿಕ್ಸ್, ಇಂಗ್ಲಿಷ್ ಲ್ಯಾಂಗ್ವೇಜ್, ಮೂರೇ. ಇಂಗ್ಲಿಷ್ ಬೇಡ ಅಂದಳು, ಅದನ್ನು ನಾನು ಬಿಡಲಿಲ್ಲ, ಕಷ್ಟದ ವಿಷಯದಿಂದ ಪೂರ್ತಿ ತಪ್ಪಿಸಿಕೊಂಡರೆ ಅದೂ ಕಾಣುತ್ತದೆ. ಹನ್ನೆರಡರಲ್ಲಿ ಶಾಲೆಯ ಗಣಿತ ಮುಗಿದುಹೋಗುತ್ತದಲ್ಲ, ಆಗ ಕಮ್ಯುನಿಟಿ ಕಾಲೇಜಿನಲ್ಲಿ ಅದರ ಮುಂದಿನ ಹಂತ, ಮಲ್ಟಿವೇರಿಯಬಲ್ ಕ್ಯಾಲ್ಕುಲಸ್. ಅಲ್ಲಿ ಎ ಬಂದರೆ ಸಿ ಅಳಿಯುವುದಿಲ್ಲ, ಆದರೆ ಪಕ್ಕದಲ್ಲಿ ಇನ್ನೊಂದು ಗ್ರೇಡ್ ಇರುತ್ತದೆ.

"ಹಾಗಾದ್ರೆ ಐಬಿ ಬೇಡ್ವಾ?" ಅಂತ ಅಪ್ಪ ಮತ್ತೆ ಕೇಳಿದರು. ಅವಳಿಗೆ ಬರೆಯುವುದು ಇಷ್ಟ ಇದ್ದು, ಈಗಿನ ಶಾಲೆಯಲ್ಲೇ ಐಬಿ ಇದ್ದಿದ್ದರೆ ನಾನೇ ಹೇಳುತ್ತಿದ್ದೆ. ಹೋಗಿ ಬರುವ ನೂರು ನಿಮಿಷ ಎಲ್ಲಿಂದ ತರುತ್ತೀರಿ ಅಂತ ಮಂಗಳವಾರದ ಹಾಳೆ ಮುಂದಿಟ್ಟೆ. ಅಮ್ಮ ಅದನ್ನು ಎರಡು ಸಲ ಓದಿದರು.

ವಾರದ ನಂತರ ಹೊಸ ಶೀಟ್ ಬಂತು. ನೀಲಿ ಸಾಲಿನಲ್ಲಿ 'ಸೈಕಾಲಜಿ, ಸಿ', ಕೆಂಪು ಅಕ್ಷರದಲ್ಲಿ. ಅರ್ಧ ಗಂಟೆ ಬಿಟ್ಟು ಅದೇ ಶೀಟ್ ಮತ್ತೊಮ್ಮೆ. ಆ ಸಾಲು ಉಳಿದವುಗಳ ಹಾಗೇ ಕಪ್ಪಾಗಿತ್ತು. "ಮಗಳು ಬದಲಾಯಿಸು ಅಂದಳು" ಅಂತ ಅಪ್ಪ ಕೆಳಗೆ ಬರೆದಿದ್ದರು.