ಹಳಿ ಯಾರದ್ದು, ರೈಲು ಓಡಿಸಿದ್ದು ಯಾರು?

ಪ್ರಶ್ನೆ: ಬೆಂಗಳೂರು–ಮೈಸೂರು ರೈಲು ಮಾರ್ಗವನ್ನು ಬ್ರಿಟಿಷರು ಕಟ್ಟಿದರು ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ಮಹಾರಾಜರು ಕಟ್ಟಿಸಿದ್ದು ಅಂತ ನಮ್ಮ ತಾತ. ಯಾವುದು ಸರಿ? (ಓದುಗರು, ಮಂಡ್ಯ)

ಉತ್ತರ: ಈ ಪ್ರಶ್ನೆ ಬಂದಷ್ಟು ಬೇರೆ ಯಾವುದೂ ಬಂದಿಲ್ಲ. ಅಪ್ಪಣೆ ಯಾರದ್ದು, ದುಡ್ಡು ಯಾರದ್ದು, ಓಡಿಸಿದ್ದು ಯಾರು ಅನ್ನೋದು ಬೇರೆ ಬೇರೆ ವಿಷಯ. ಮೂರನ್ನೂ ಕಲಸಿಕೊಂಡರೆ ಜಗಳ ಮುಗಿಯುವುದೇ ಇಲ್ಲ.

ಕೆಲಸ ಶುರುವಾದಾಗ ಮೈಸೂರನ್ನು ಆಳುತ್ತಿದ್ದದ್ದು ಬ್ರಿಟಿಷ್ ಕಮಿಷನರ್. ಅಪ್ಪಣೆ ಅವರದ್ದೇ. ದುಡ್ಡು ಮಾತ್ರ ಮೈಸೂರು ಬೊಕ್ಕಸದ್ದು. ಮಣ್ಣು ಹೊತ್ತವರಲ್ಲಿ 1876–78ರ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಹೊಟ್ಟೆಗಿಲ್ಲದೆ ಕೂಲಿಗೆ ಬಂದ ನಮ್ಮ ಜನರೂ ಇದ್ದರು. ಕಮಿಷನರನ್ನು, ಮಹಾರಾಜರನ್ನು ಹೊಗಳುವವರು ಇವರ ಮಾತೇ ಎತ್ತುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

1881ರಲ್ಲಿ ಬೆಂಗಳೂರಿನಿಂದ ಚನ್ನಪಟ್ಟಣದವರೆಗೆ ರೈಲು ಓಡಿತು. ಅದೇ ವರ್ಷ ಮಾರ್ಚ್‌ನಲ್ಲಿ ಆಡಳಿತ ಹತ್ತನೇ ಚಾಮರಾಜ ಒಡೆಯರ ಕೈಗೆ ಬಂತು. ದಿವಾನ್ ರಂಗಾಚಾರ್ಲು ಕೆಲಸ ಮುಂದುವರಿಸಿದರು. 1882ರಲ್ಲಿ ಮೀಟರ್ ಗೇಜ್ (ಒಂದು ಮೀಟರ್ ಅಂತರದ) ಹಳಿ ಮೈಸೂರು ಮುಟ್ಟಿತು.

ಇನ್ನು ಓಡಿಸಿದವರ ವಿಷಯ. ಬರದ ಸಾಲ ತೀರಿರಲಿಲ್ಲ. ಹರಿಹರದ ಕಡೆಗೂ ಹಳಿ ಹಾಕಬೇಕಿತ್ತು. ಅಷ್ಟು ದುಡ್ಡು ಎಲ್ಲಿಂದ ತರೋದು? ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1886ರಲ್ಲಿ, ಓಡಿಸುವ ಹೊಣೆ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಹೋಯಿತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆ ಜತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ಮೈಸೂರು ಸಂಸ್ಥಾನ ಈ ಮಾರ್ಗವನ್ನು ತನ್ನ ಕೈಗೆ ವಾಪಸ್ ತೆಗೆದುಕೊಂಡದ್ದು 1919ರಲ್ಲಿ. ಅಂದರೆ 33 ವರ್ಷ ಹಳಿ ನಮ್ಮದು, ಗಾರ್ಡ್ ಕೈಯಲ್ಲಿದ್ದ ಬಾವುಟ ಕಂಪನಿಯದ್ದು. ಹರಿಹರದ ಮಾರ್ಗ ಕೈಗೆ ಬರಲು 1938 ಆಯಿತು. 1950ರಲ್ಲಿ ಎಲ್ಲವೂ ಭಾರತೀಯ ರೈಲ್ವೆಗೆ ಸೇರಿತು. ಮೇಷ್ಟ್ರಿಗೂ ತಾತನಿಗೂ ಇಷ್ಟನ್ನು ಓದಿ ಹೇಳಿ.

ಪ್ರಶ್ನೆ: ಮೈಸೂರಿಗೆ ರೈಲು ತಂದವರು ವಿಶ್ವೇಶ್ವರಯ್ಯನವರು ಅಲ್ವಾ?

ಉತ್ತರ: ಅಲ್ಲ. ಅವರು ದಿವಾನರಾದದ್ದು 1912ರಲ್ಲಿ, ಅಷ್ಟು ಹೊತ್ತಿಗೆ ರೈಲು ಬಂದು 30 ವರ್ಷ. ಮೈಸೂರು–ಅರಸೀಕೆರೆ ಮಾರ್ಗಕ್ಕೆ ಬೇಕಾದರೆ ಅವರನ್ನು ನೆನೆಯಿರಿ. ಸುಮ್ನೆ ಎಲ್ಲವನ್ನೂ ಅವರ ತಲೆಗೆ ಕಟ್ಟಬೇಡಿ.

ಪ್ರಶ್ನೆ: ಮಹಾರಾಣಿಯವರ ರೈಲು ಬೋಗಿ ಬಂಗಾರದ್ದಂತೆ, ನಿಜವಾ?

ಉತ್ತರ: 1899ರ ಆ ಬೋಗಿ ಕೆಆರ್‌ಎಸ್ ರಸ್ತೆಯ ರೈಲ್ವೆ ಮ್ಯೂಸಿಯಂನಲ್ಲೇ ಇದೆ. ಹೋಗಿ ನೋಡಿ.

ಪ್ರಶ್ನೆ: ಹಳೇ ರೈಲ್ವೆ ಲಾಟೀನು ಮಾರಾಟಕ್ಕಿದೆ. 1895ರದ್ದು ಅನ್ನುತ್ತಾರೆ. ಮೇಲೆ ‘ಎಂ ಅಂಡ್ ಎಸ್‌ಎಂ’ ಅಂತ ಕೊರೆದಿದೆ. ಕೊಳ್ಳಲಾ?

ಉತ್ತರ: ಬೇಡ. ‘ಎಂ ಅಂಡ್ ಎಸ್‌ಎಂ’ ಅಂದರೆ ಮೊದಲ ಉತ್ತರದಲ್ಲಿ ಹೇಳಿದ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ಆ ಕಂಪನಿ ಹುಟ್ಟಿದ್ದೇ 1908ರಲ್ಲಿ. ಅದಕ್ಕೆ ಮೊದಲಿನ ಲಾಟೀನಿನ ಮೇಲೆ ಆ ಅಕ್ಷರ ಹೇಗೆ ಬರುತ್ತೆ? ಹೊಸ ಹಿತ್ತಾಳೆಗೆ ಹುಣಸೆಹಣ್ಣು, ಹೊಗೆ ಹಿಡಿಸಿ ಹಳೇದು ಮಾಡುವವರು ಜಾಸ್ತಿಯಾಗಿದ್ದಾರೆ. ಅಕ್ಷರದ ಅಂಚು ಮುಟ್ಟಿ ನೋಡಿ. ಮೈಯೆಲ್ಲ ಸವೆದು ಅಕ್ಷರ ಮಾತ್ರ ಚೂಪಾಗಿದ್ದರೆ ಅದನ್ನು ಆಮೇಲೆ ಕೊರೆದಿರುತ್ತಾರೆ. ಫೋಟೋ ಕಳಿಸಿ ಅಸಲಿಯಾ ಅಂತ ಕೇಳಬೇಡಿ, ಸಾಮಾನನ್ನು ಕೈಯಲ್ಲಿ ಹಿಡಿದು ನೋಡದೆ ನಾನು ಹೇಳುವುದಿಲ್ಲ.